ಐವತ್ತು ಪಲ್ಲದ ಹಗೇವು

ಹೊಸೂರಿನ ಕಡೆ ಬೇರಿಕೆ ಪಕ್ಕದ ಒಂದು ಊರಿನಲ್ಲಿ ರಾಮಮೂರ್ತಿಯ ಮನೆತನಕ್ಕೆ ಇದ್ದದ್ದು ಒಂದೇ ಜಂಬ, ಅಂಗಳದ ನೆಲದೊಳಗಿನ ಹಗೇವು. ಹಿಂದಿನವರು ರಾಗಿ ತುಂಬಿಡುತ್ತಿದ್ದ ಗುಂಡಿ. ಕತ್ತು ಕಿರಿದು, ಹೊಟ್ಟೆ ದೊಡ್ಡದು. ಅದು ಐವತ್ತು ಪಲ್ಲ, ಅಂದರೆ ಐದು ಸಾವಿರ ಸೇರು ಹಿಡಿಯುತ್ತದೆ ಎಂದು ಅವನ ಅಜ್ಜಿ ಬಂದ ಬೀಗರಿಗೆಲ್ಲ ಹೇಳಿ ಹೇಳಿ ಊರಿಗೇ ಬಾಯಿಪಾಠವಾಗಿತ್ತು. ಊರವರಲ್ಲಿ ಅಳೆದು ನೋಡಿದವರು ಯಾರೂ ಇಲ್ಲ. ಜಂಬವನ್ನು ಯಾರಾದರೂ ಅಳೆಯುತ್ತಾರೆಯೇ?

ಅಜ್ಜಿ ಹೋದ ಮೇಲೆ ಹಗೇವು ಖಾಲಿ ಬಿದ್ದಿತ್ತು. ಅದನ್ನು ಮುಚ್ಚಿ ಕಾರಿಗೊಂದು ಶೆಡ್ ಹಾಕೋಣವೆಂದು ರಾಮಮೂರ್ತಿ ಹೊರಟ. ಟ್ರಾಕ್ಟರಿನಲ್ಲಿ ಮಣ್ಣು ಹೊಡೆಯುವ ಕದಿರಪ್ಪ ಬಂದು ಇಣುಕಿ, ನಾಲ್ಕು ಲೋಡು ಬೇಕಾಗಬಹುದು ಎಂದ. ಈ ‘ಬಹುದು’ ರಾಮಮೂರ್ತಿಗೆ ಆಗಿಬರುವುದಿಲ್ಲ. ಹೊಸೂರಿನ ಫ್ಯಾಕ್ಟರಿಯಲ್ಲಿ ದಿನವಿಡೀ ಬೋಲ್ಟುಗಳ ದಪ್ಪ ಅಳೆದು ಪಾಸು ಫೇಲು ಮಾಡುವ ಆಸಾಮಿ. ತಾನೇ ಇಳಿದು ಅಳೆಯುತ್ತೇನೆ ಎಂದ. ತಾಯಿ ಗೋವಿಂದಮ್ಮ ಬೇಡವೆಂದಳು, ಯಾಕೆ ಬೇಡವೆಂದು ಮಾತ್ರ ಹೇಳಲಿಲ್ಲ. ಹಟ ಬಿಡದ ಮಗನಿಗೆ ಸೋತು, ಒಳಗೆ ಗಾಳಿ ಕೆಟ್ಟಿದೆಯೋ ಏನೋ ಎಂದು ಮೊದಲು ದೀಪ ಇಳಿಬಿಡಿಸಿದಳು. ದೀಪ ಆರಲಿಲ್ಲ.

ಅವನು ಎರಡೂ ಕೈ ಮೇಲೆತ್ತಿ ಹಗ್ಗ ಹಿಡಿದು ಜಾರಿದ. ಹಗೇವಿನ ಕತ್ತಿಗೆ ಕಟ್ಟಿದ ಕಲ್ಲಿನ ಹತ್ತಿರ ಬಿಗಿಯಾದರೂ ಮೈಭಾರ ಎಳೆದುಕೊಂಡು ಹೋಯಿತು. ಒಳಗೆ ಗೋಡೆಯ ಮೇಲೆ ಅಡಿಗೊಂದು ಗೆರೆ ಗೀಚಿ, ಒಂದೊಂದು ಗೆರೆಯಲ್ಲೂ ಅಗಲಕ್ಕೆ ಟೇಪು ಹಿಡಿದ. ಅಡಿ ಎತ್ತರದ ದುಂಡನೆಯ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಂತೆ ಲೆಕ್ಕ ಹಾಕಿ, ಅವನ್ನೆಲ್ಲ ಮೊಬೈಲಿನಲ್ಲಿ ಕೂಡಿದ. ಎರಡು ಲೋಡು ಧಾರಾಳ. ತಮಾಷೆಗೆಂದು ಪಲ್ಲಕ್ಕೂ ತಿರುಗಿಸಿ ನೋಡಿದರೆ ನಲವತ್ತೂ ಮುಟ್ಟಲಿಲ್ಲ.

“ಅಮ್ಮಾ, ಅಜ್ಜಿ ಬುಟ್ಟಿದ್ದೆಲ್ಲ ಬುರುಡೆ ಕಣಮ್ಮ. ನಲವತ್ತು ಪಲ್ಲಾನೂ ಹಿಡಿಯಾಕಿಲ್ಲ ಇದು” ಎಂದು ನಗುತ್ತಾ ಕೂಗಿದ.

ಎಲ್ಲವನ್ನೂ ಅಳೆದ ಪುಣ್ಯಾತ್ಮ ತನ್ನ ಮೈಯನ್ನು ಅಳೆದಿರಲಿಲ್ಲ. ಹತ್ತಿಳಿಯಲೆಂದು ಗೋಡೆಯಲ್ಲಿ ಕೊರೆದಿದ್ದ ಗೂಡುಗಳಲ್ಲಿ ಕಾಲಿಟ್ಟು ಹತ್ತಿದ. ಕೈಗಳು ಹೊರಗೆ ಬಂದವು, ತಲೆ ಕತ್ತಿನೊಳಗೇ ಉಳಿದು ಎದೆ ಕಲ್ಲಿಗೆ ಸಿಕ್ಕಿಕೊಂಡಿತು. ಮುಖದ ಮೇಲೆ ತಟ್ಟೆಯಗಲದ ಆಕಾಶ. ಉಸಿರೆಳೆದರೆ ಕಲ್ಲು ಪಕ್ಕೆಗೆ ಒತ್ತುತ್ತದೆ, ಎಳೆಯದಿದ್ದರೆ ಜೀವ ನಿಲ್ಲುವುದಿಲ್ಲ. ಹೆಂಡತಿ ವನಿತಾ ಒಂದು ಕೈ, ಕದಿರಪ್ಪ ಇನ್ನೊಂದು ಕೈ ಹಿಡಿದು ಎಳೆದರು. ಚರ್ಮ ಸುಲಿಯಿತೇ ಹೊರತು ಅವನು ಮೇಲೆ ಬರಲಿಲ್ಲ. ಹಾರೆ ತಂದು ಕಲ್ಲು ಒಡೆಯೋಣ ಎಂದ ಕದಿರಪ್ಪ. ಒಡೆದರೆ ಬೀಳುವುದು ತನ್ನ ತಲೆಯ ಮೇಲೆಯೇ ಎಂದು ಹೊಳೆದದ್ದೇ ರಾಮಮೂರ್ತಿ ಬೇಡವೆಂದು ಕಿರುಚಿದ. ತಾನು ಇಲ್ಲೇ, ತನ್ನ ಮನೆಯ ಅಂಗಳದಲ್ಲೇ, ಹೆಂಡತಿಯ ಕಣ್ಣೆದುರಿಗೇ ಸಾಯುತ್ತೇನೆ ಅನ್ನಿಸಿ ಅವನಿಗೆ ಅಳು ಬಂತು.

ಗೋವಿಂದಮ್ಮ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ನೆಲಕ್ಕೆ ಬೋರಲು ಮಲಗಿ, ಮಗನ ಮುಖದ ಹತ್ತಿರ ಮುಖ ತಂದಳು.

“ಉಸ್ರೆಲ್ಲ ಬುಟ್ಟು ಕೆಳೀಕೆ ಜಾರ್ಲಾ. ಆಮ್ಯಾಕೆ ಒಂದೇ ಕೈ ಮ್ಯಾಲೆತ್ತು, ಇನ್ನೊಂದ ತೊಡೆಗೆ ಅಂಟಿಸ್ಕೋ. ಹೆಗಲು ಓರೆ ಮಾಡ್ಕೊಂಡು ಬಾ.”

ಮತ್ತೆ ಆ ಕತ್ತಲೆಗೆ ಇಳಿಯುವುದೆಂದರೆ ಅವನಿಗೆ ಪ್ರಾಣ ಹೋದಂತಾಯಿತು. ನಿನಗೆ ಹೇಗೆ ಗೊತ್ತು ಎಂದು ಕೇಳಿದ. ಅವಳು ಹೇಳಿದಳು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು. ಅವನನ್ನು ಹೆತ್ತ ಹೊಸತು. ಮನೆಯಲ್ಲೆಲ್ಲ ಸಣ್ಣ ಮೈಯವಳೆಂದು, ಬಾಯಿವರೆಗೂ ತುಂಬಿದ್ದ ರಾಗಿ ತೆಗೆಯಲು ಅವಳನ್ನೇ ಇಳಿಸಿದ್ದರು. ಅವಳು ಕೆಳಗಿನಿಂದ ತುಂಬಿ ಕೊಟ್ಟಂತೆಲ್ಲ ಅತ್ತೆ ಮೇಲೆ ಅಳೆದು ಸುರಿದಳು. ಗುಂಡಿ ಬರಿದಾಯಿತು, ಐವತ್ತು ಮುಟ್ಟಲಿಲ್ಲ. ಉಳಿದದ್ದನ್ನು ತವರಿಗೆ ಸಾಗಿಸಿದ್ದೀಯ, ಕದ್ದೆನೆಂದು ಒಪ್ಪಿಕೊಳ್ಳುವ ತನಕ ಅಲ್ಲೇ ಬಿದ್ದಿರು ಎಂದು ಅತ್ತೆ ಹಗ್ಗ ಎಳೆದುಕೊಂಡಳು. ಗೂಡು ಹಿಡಿದು ತಾನೇ ಹತ್ತಿ, ಹೆಗಲು ಓರೆ ಮಾಡಿ ಹೊರಗೆ ತಲೆ ಹಾಕಿದವಳನ್ನು ಮತ್ತೆ ಒಳಕ್ಕೆ ತಳ್ಳಿದಳು.

ರಾಮಮೂರ್ತಿ ಉಸಿರು ಬಿಟ್ಟು ಕೆಳಗೆ ಜಾರಿದ. ಕತ್ತಲೆಯಲ್ಲಿ ಗೋಡೆ ತಡವಿ ಮತ್ತೆ ಗೂಡಿಗೆ ಕಾಲಿಟ್ಟ; ಒಂದು ಕೈ ಮೇಲೆ, ಒಂದು ಕೈ ತೊಡೆಗೆ. ಒಂದು ಹೆಗಲು ಬಂತು. ತಾಯಿ ಅವನ ಕಂಕುಳಿಗೆ ಕೈ ಹಾಕಿದಳು. ಇನ್ನೊಂದು ಹೆಗಲೂ ಬಂತು.

ಅಂಗಳದಲ್ಲಿ ಅಂಗಾತ ಬಿದ್ದುಕೊಂಡು ಅವನು ಬಾಯ್ತುಂಬ ಗಾಳಿ ಕುಡಿದ. ವನಿತಾ ತರಚಿದ ಪಕ್ಕೆ ಒರೆಸುತ್ತಿದ್ದಳು. ಕದಿರಪ್ಪ ಮಣ್ಣು ತರಲು ಹೋದ. ತಾಯಿ ಕದ್ದಿರಲಿಲ್ಲ, ಕದಿಯಲು ಅಲ್ಲಿ ಅಷ್ಟು ರಾಗಿ ಇರಲೇ ಇಲ್ಲ. ಅಜ್ಜಿಯ ಮೇಲೆ ಉಕ್ಕಿದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ಅವನಿಗೆ ತಿಳಿಯಲಿಲ್ಲ.

“ಆಮ್ಯಾಕೆ ಹೆಂಗಮ್ಮ ಬುಟ್ರು ನಿನ್ನ?”

ಗೋವಿಂದಮ್ಮ ಸೀರೆಗೆ ಮೆತ್ತಿದ ಮಣ್ಣು ಕೊಡವಿದಳು.

“ಒಳೀಕೆ ನಿನ್ನ ಅಳು ಕೇಳುಸ್ತಿತ್ತು ಕಣ್ಲಾ, ಹಾಲಿಗೆ ಅಳ್ತಿದ್ದೆ. ಕದ್ದೆ ಅಂತ ಒಪ್ಕೊಂಡೆ.”