ಫಕೀರಪ್ಪ ಕಿತ್ತ ಮೀಸೆ

ನಾನೊಂದು ಅಂಟು ಮೀಸೆ. ನಾಟಕ ಕಂಪನಿಯ ಬಣ್ಣದ ಮಲ್ಲೇಶಪ್ಪ ಮೇಕೆಯ ಕರಿಗೂದಲನ್ನು ಜಾಳುಬಟ್ಟೆಗೆ ಹೆಣೆದು ನನ್ನನ್ನು ಹುಟ್ಟಿಸಿದ. ಆಗ ಗದಗಿನಲ್ಲಿ ಕಂಪನಿಯ ತಗಡಿನ ಥಿಯೇಟರು ನಿಂತಿತ್ತು. ಅಂಟಿದರೆ ಸಾಕು, ಯಾರನ್ನಾದರೂ ಗಂಡು ಮಾಡಬಲ್ಲೆ ಎಂಬ ಜಂಬ ನನಗೆ.

ನನ್ನನ್ನು ಹಚ್ಚಿಕೊಂಡವನು ಸಿದ್ರಾಮ, ಕಂಪನಿಯ ಸ್ತ್ರೀಪಾತ್ರಧಾರಿ. ನಮ್ಮಲ್ಲಿ ಆಗಿನ್ನೂ ಹೆಂಗಸರು ರಂಗ ಹತ್ತುತ್ತಿರಲಿಲ್ಲ. ನಾನೂರು ವರ್ಷ ಹಳೆಯ ಇಟಲಿಯ ಪ್ರಹಸನವೊಂದನ್ನು ಮಾಲಕರು ಕನ್ನಡಕ್ಕೆ ಇಳಿಸಿದ್ದರು. ಅದರಲ್ಲೊಬ್ಬ ಹುಡುಗಿ ಗಂಡುವೇಷದಲ್ಲಿ ರಾಜಕುಮಾರನ ಊಳಿಗಕ್ಕೆ ಸೇರುತ್ತಾಳೆ. ಅವನು ಈ ಗೆಳೆಯನ ಮೇಲೆಯೇ ಮನಸ್ಸಿಟ್ಟು, ಇದೇನಾಯಿತು ನನಗೆ ಎಂದು ಒದ್ದಾಡುತ್ತಾನೆ. ಕೊನೆಗೆ ಹುಡುಗಿ ಮೀಸೆ ಕೀಳುತ್ತಾಳೆ, ಅವನಿಗೆ ಹೋದ ಜೀವ ಬರುತ್ತದೆ, ಮದುವೆ. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಗಂಡು ಹೆಣ್ಣಾಗಿ, ಆ ಹೆಣ್ಣು ಮತ್ತೆ ಗಂಡಾಗಿ, ತುಟಿಯ ಮೇಲೆ ಕೂತ ನನಗೇ ದಿಕ್ಕು ತಪ್ಪುತ್ತಿತ್ತು.

ರಾಜಕುಮಾರನ ಪಾತ್ರ ಫಕೀರಪ್ಪನದು. ಅವನು ಹತ್ತಿರ ಬಂದರೆ ಸಿದ್ರಾಮನ ಮೇಲ್ದುಟಿ ಬೆವರಿ ನನ್ನ ಅಂಟು ಸಡಿಲುತ್ತಿತ್ತು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಮಾಲಕರು, ಸಿದ್ರಾಮ ಎಲ್ಲಿ ಎಂದು ಕೇಳಿದರು. ರೊಟ್ಟಿ ಮುರಿಯುತ್ತಿದ್ದ ಫಕೀರಪ್ಪ ಅಂದ:

“ಅಕಿ ಇನ್ನಾ ಉಂಡಿಲ್ರಿ. ಒಂದೀಟು ಪಲ್ಯ ತಗದಿಡ್ರಿ.”

ಅಕಿ! ನಮ್ಮ ಮಾತಿನಲ್ಲಿ ‘ನಾನು’ ಅನ್ನುವವರು ಗಂಡೋ ಹೆಣ್ಣೋ ಹೇಳಬೇಕಿಲ್ಲ. ಇನ್ನೊಬ್ಬರ ಮಾತೆತ್ತಿದರೆ ಮಾತ್ರ ‘ಆಂವ’, ‘ಅಕಿ’ ಎಂದು ಆರಿಸಬೇಕು. ಫಕೀರಪ್ಪನ ನಾಲಿಗೆ ಅವನನ್ನು ಕೇಳದೆ ಆರಿಸಿಬಿಟ್ಟಿತ್ತು. ಪಂಕ್ತಿಯಲ್ಲಿ ನಗೆ ಎದ್ದಿತು. ಪರದೆಯ ಈಚೆ ನನ್ನನ್ನು ಹಚ್ಚಿಕೊಂಡು ತಾಲೀಮು ಮಾಡುತ್ತಿದ್ದ ಸಿದ್ರಾಮ ಅದನ್ನು ಕೇಳಿ ಕಣ್ಣು ತುಂಬಿಕೊಂಡ. ಸಂತೋಷಕ್ಕೆ! ಅಯ್ಯೋ ಹುಚ್ಚಪ್ಪಾ, ಅಂದುಕೊಂಡೆ.

ಮಾಲಕರು ನಗಲಿಲ್ಲ. ಫಕೀರಪ್ಪನನ್ನು ಕರೆದು, ಇದು ಊರ ಬಾಯಿಗೆ ಬಿದ್ದರೆ ಕಂಪನಿಗೆ ಬೀಗವೇ ಗತಿ, ಸೋದರಮಾವನ ಮಗಳನ್ನು ಮದುವೆಯಾಗು, ಇಲ್ಲವೇ ಇಬ್ಬರೂ ಗಂಟುಮೂಟೆ ಕಟ್ಟಿ ಎಂದರು. ಅವನು ಹೂಂ ಅಂದ. ಸುದ್ದಿ ಅಡುಗೆಯವನ ಮೂಲಕ ಸಿದ್ರಾಮನನ್ನು ಮುಟ್ಟಿತು.

ಅವತ್ತಿನ ಆಟದ ಕೊನೆಯ ದೃಶ್ಯ. ನನ್ನನ್ನು ಕೀಳಬೇಕಾದ ಹೊತ್ತಿಗೆ ಸಿದ್ರಾಮನ ಕೈ ಮೇಲೇಳಲಿಲ್ಲ. ನಾಟಕದ ಭಾಷೆ ಬಿಟ್ಟು, ನಾಟಕದಲ್ಲಿಲ್ಲದ ಮಾತು ಕೇಳಿದ:

“ನಾ ಹಿಂಗ ಇದ್ರ ನಿನಗ ಬ್ಯಾಡೇನು?”

ಜನ ಇದೂ ಆಟವೆಂದೇ ಕಾದರು. ರಂಗದ ಅಂಚಿನಲ್ಲಿ ಮಾಲಕರು ನಿಂತಿದ್ದರು. ಫಕೀರಪ್ಪ ಅವರನ್ನು ನೋಡಿದವನೇ ಕೈಚಾಚಿ ನನ್ನನ್ನು ಕಿತ್ತ. ನನ್ನೊಂದಿಗೆ ಚರ್ಮವೂ ಬಂತು. “ಬದುಕಿದೆ! ನೀನು ಹೆಣ್ಣು!” ಎಂದು ಪಾಠದ ಮಾತು ಒಪ್ಪಿಸಿದ. ಥಿಯೇಟರಿಗೆ ಥಿಯೇಟರೇ ಚಪ್ಪಾಳೆ ತಟ್ಟಿತು. ಸಿದ್ರಾಮ ರಕ್ತ ಒರೆಸಿಕೊಂಡು, ಜನರಿಗೆ ಕೈಮುಗಿದು ಒಳಗೆ ಹೋದ. ಮರುದಿನ ಕಂಪನಿಯಲ್ಲಿ ಅವನಿರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಾನು ಮಣ್ಣಾಗಿ ರಂಗದ ಮೇಲೆ ಬಿದ್ದಿದ್ದೆ.

ಎತ್ತಿಕೊಂಡವನು ಫಕೀರಪ್ಪನೇ. ಈಗ ಅವನ ಮನೆಯ ತಂಬಾಕಿನ ಡಬ್ಬಿಯಲ್ಲಿದ್ದೇನೆ. ಕೂದಲು ಉದುರಿದೆ, ಅಂಟು ಕಲ್ಲಾಗಿದೆ. ಮುಖ ಮರೆಸುವುದು ನನ್ನ ಕಸುಬು, ಆದರೆ ಆ ಮನುಷ್ಯನಷ್ಟು ಚೆನ್ನಾಗಿ ಅದು ನನಗೂ ಬರಲಿಲ್ಲ. ಮೊನ್ನೆ ಅವನ ಹೆಂಡತಿ ಡಬ್ಬಿ ತೆರೆದು, ಇದು ಯಾರದು ಎಂದಳು.

“ಯಾರದೂ ಅಲ್ಲ. ನಾಟಕದ್ದು.”

ಹಾಗಾದರೆ ಒಗೆಯಲೇ ಎಂದು ಕೇಳಿದಳು. ಅವನು ಡಬ್ಬಿ ಇಸಿದುಕೊಂಡು ಮುಚ್ಚಿದ. ಮುಚ್ಚಳದ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.