ಗಂಟೆ ಹೊಡೆಯುವುದರೊಳಗೆ

ನನ್ನ ಭಾವ ಬೆಂಕಿ ನಂದಿಸುವ ಕೆಲಸದಲ್ಲಿದ್ದವರು. ಉರಿಯುವ ಗೋದಾಮಿಗೆ ನುಗ್ಗಿ ಆಳೊಬ್ಬನನ್ನು ಹೆಗಲ ಮೇಲೆ ಹೊತ್ತು ತಂದ ಮನುಷ್ಯ, ಆ ದೊಡ್ಡ ಹೋಟೆಲಿನ ಗಾಜಿನ ಬಾಗಿಲ ಮುಂದೆ ಕೈಕಾಲು ಆಡದೆ ನಿಂತುಬಿಟ್ಟರು. ಬಾಗಿಲು ತೆಗೆಯಲೆಂದೇ ಒಬ್ಬ ಪೇಟ ಕಟ್ಟಿಕೊಂಡು ನಿಂತಿದ್ದ. ಅವನು ಭಾವನಿಗೆ ಕೈ ಮುಗಿದ, ಭಾವ ಅವನಿಗೆ ಮುಗಿದರು, ಇಬ್ಬರೂ ಕೈ ಇಳಿಸುವ ಹಾಗೆ ಕಾಣಲಿಲ್ಲ.

"ಒಳಗೆ ನಡೀರಿ ಭಾವ, ಅವನಿಗೆ ಬೇರೆ ಕೆಲಸ ಇದೆ" ಎಂದು ನಾನೇ ಹಿಂದಿನಿಂದ ತಳ್ಳಿದೆ.

ನನ್ನನ್ನು ಕರೆದುಕೊಂಡು ಬಂದಿದ್ದೇ ಇದಕ್ಕೆ. ಇಬ್ಬರೇ ಹೋಗಿ ಬನ್ನಿ, ನಡುವೆ ನಾನ್ಯಾಕೆ ಎಂದರೂ ಅಕ್ಕ ಕೇಳಲಿಲ್ಲ. ನಾನು ಇಂಥ ಹೋಟೆಲುಗಳಿಗೆ ಪರದೆ, ಮೇಜಿನ ಬಟ್ಟೆ ಹೊಲಿದುಕೊಡುವವಳು. ಅಷ್ಟಕ್ಕೇ ಇಲ್ಲಿನ ರೀತಿರಿವಾಜೆಲ್ಲ ನನಗೆ ಗೊತ್ತು ಎಂದು ಅವಳ ನಂಬಿಕೆ. ನಾನೂ ಗೊತ್ತಿದ್ದವಳ ಹಾಗೆ ಬೀಗುತ್ತಾ ಬಂದೆ.

ಕೆಲಸದಿಂದ ನಿವೃತ್ತರಾದ ದಿನ ಭಾವ ಅಕ್ಕನಿಗೆ, "ಏನು ಬೇಕೋ ಕೇಳು" ಅಂದಿದ್ದರು. ಸೀರೆಯೋ ಬಳೆಯೋ ಕೇಳುತ್ತಾಳೆ ಎಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ.

"ಒಂದ್ಸಲ ಇಬ್ರೂ ಎದುರುಬದುರು ಕೂತು ಒಟ್ಟಿಗೆ ಊಟ ಮಾಡ್ಬೇಕು" ಅಂದಳು ಅಕ್ಕ. "ನಾನು ಬಡಿಸ್ಬಾರ್ದು, ನೀವು ಎದ್ದು ಓಡ್ಬಾರ್ದು. ಅಷ್ಟೇ."

ಅವರ ಮನೆ ಇದ್ದದ್ದು ಅಗ್ನಿಶಾಮಕ ಠಾಣೆಯ ಹಿಂಬದಿಯಲ್ಲಿ. ಅಲ್ಲಿ ಗಂಟೆ ಹೊಡೆದರೆ ಅಕ್ಕನ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ತುತ್ತು ಕೈಯಲ್ಲಿದ್ದರೂ ಬಿಟ್ಟು ಓಡಬೇಕು. ಹಾಗಾಗಿ ಭಾವ ಊಟ ಮಾಡುತ್ತಿರಲಿಲ್ಲ, ಒಳಗೆ ತುಂಬಿಕೊಳ್ಳುತ್ತಿದ್ದರು. ಅಕ್ಕ ಪಕ್ಕದಲ್ಲೇ ನಿಂತು ಬಡಿಸುತ್ತಾ, "ಬೇಗ ತಿನ್ಬಿಡಿ, ಬೇಗ ತಿನ್ಬಿಡಿ" ಎನ್ನುವಳು. ಅವರು ಕೈ ತೊಳೆದ ಮೇಲೆ, ಆರಿ ಹೋದದ್ದನ್ನು ಒಬ್ಬಳೇ ತಿನ್ನುವಳು. ಮದುವೆಯಾದಾಗಿನಿಂದ ಹೀಗೇ. ರಜೆಯ ದಿನವೂ ಹೀಗೇ, ಯಾಕೆಂದರೆ ಅಭ್ಯಾಸಕ್ಕೆ ರಜೆ ಅಂತ ಇರುವುದಿಲ್ಲ.

ಮಧ್ಯಾಹ್ನದ ಹೊತ್ತು. ಹೋಟೆಲಿನೊಳಗೆ ಮೆಲ್ಲಗೆ ಸಿತಾರ್ ನುಡಿಯುತ್ತಿತ್ತು. ಹಿತ್ತಾಳೆಯ ತಟ್ಟೆಗಳು ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಕೂತ ಕೂಡಲೇ ಅಕ್ಕ ಲೋಟಗಳನ್ನು ಸರಿಯಾಗಿ ಜೋಡಿಸತೊಡಗಿದಳು. ನನಗೆ ರೇಗಿತು.

"ಅಕ್ಕಾ, ಇಲ್ಲಿ ನೀನು ಯಾವುದಕ್ಕೂ ಕೈ ಹಾಕ್ಬೇಡ. ಬಡಿಸೋದು, ತೆಗೆಯೋದು ಎಲ್ಲಾ ಅವ್ರೇ. ಅವ್ರು ಏನು ಕೇಳಿದ್ರೂ ಹೂಂ ಅಂತ ತಲೆ ಆಡ್ಸು, ಸಾಕು."

ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ವೇಟರ್ ಮೊದಲು ಅವಳ ತಟ್ಟೆಗೇ ಬಡಿಸಿದಾಗ ಅವಳ ಮುಖ ನೋಡಬೇಕಿತ್ತು. ನಾಚಿಕೆ, ಖುಷಿ, ಗಾಬರಿ ಎಲ್ಲ ಒಟ್ಟಿಗೆ. ಪನೀರು, ದಾಲ್, ಹಬೆಯಾಡುವ ರೊಟ್ಟಿ. "ಎಷ್ಟು ಬಿಸಿ ಇದೆಯಲ್ಲೇ!" ಎಂದು ನನ್ನ ಕಿವಿಯಲ್ಲಿ ಅಂದಳು. ಭಾವ ಅವಳನ್ನು ನೋಡಿ ನಕ್ಕರು. ಇಬ್ಬರೂ ರೊಟ್ಟಿ ಮುರಿದರು.

ಆಗ ಅಡುಗೆಮನೆಯ ಕಿಂಡಿಯಲ್ಲಿ ಟಿಣ್ ಎಂದಿತು.

ತಟ್ಟೆ ಸಿದ್ಧವಾದರೆ ಅಡುಗೆಯವರು ಒತ್ತುವ ಪುಟ್ಟ ಗಂಟೆ ಅದು. ಭಾವನ ಬೆನ್ನು ನೆಟ್ಟಗಾಯಿತು, ಕೈ ಚುರುಕಾಯಿತು. ಮತ್ತೆ ಟಿಣ್. ಅವರು ಅಗಿಯುವುದನ್ನು ಬಿಟ್ಟು ನುಂಗತೊಡಗಿದರು. ಅವರ ತಟ್ಟೆ ಖಾಲಿಯಾಗುವುದನ್ನು ಕಂಡ ಅಕ್ಕ ನಾನು ಹೇಳಿದ್ದನ್ನು ಮರೆತು ತನ್ನ ರೊಟ್ಟಿಯನ್ನು ಅತ್ತ ದಾಟಿಸಿದಳು, ಆಮೇಲೆ ದಾಲ್. ನನಗೆ ನಗು ಬಂತು.

ಭಾವ ಎದ್ದೇಬಿಟ್ಟರು. "ಕೈ ತೊಳೆಯೋದು ಎಲ್ಲಿ ಕಣಮ್ಮ?" ಎಂದು ನನ್ನನ್ನು ಕೇಳಿದರು. ಮೇಜಿಗೇ ನೀರಿನ ಬಟ್ಟಲು ತರುತ್ತಾರೆ ಎಂದರೂ ನಿಲ್ಲಲಿಲ್ಲ. ದಾರಿ ತೋರಿಸಲು ನಾನೂ ನ್ಯಾಪ್ಕಿನ್ ಮೇಜಿನ ಮೇಲಿಟ್ಟು ಎದ್ದೆ.

ತಿರುಗಿ ಬಂದಾಗ ಮೇಜು ಬರಿದಾಗಿತ್ತು. ಅಕ್ಕ ಬಿಳಿಯ ಬಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದಳು.

"ನಿನ್ ಊಟ ಆಯ್ತಾ?" ಭಾವ ಕೇಳಿದರು.

"ಹೂಂ, ಆಯ್ತು."

"ಎಲ್ಲಿ ಆಯ್ತು? ಒಂದು ತುತ್ತೂ ತಿಂದಿಲ್ಲ ನೀನು!" ನನ್ನ ದನಿಗೆ ಪಕ್ಕದ ಮೇಜಿನವರು ತಿರುಗಿದರು.

ವೇಟರ್ ಓಡಿ ಬಂದ. ಅವನ ಮುಖ ಸಪ್ಪಗಾಗಿತ್ತು. "ತೆಗೀಲಾ ಅಂತ ಕೇಳ್ದೆ ಮೇಡಂ. ಅಮ್ಮಾವ್ರು ತಲೆ ಆಡ್ಸಿದ್ರು."

ಅಕ್ಕ ನನ್ನತ್ತ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ, ನೀನು ಹೇಳಿದ ಹಾಗೇ ಮಾಡಿದೆನಲ್ಲ ಎಂಬ ಪ್ರಶ್ನೆಯಷ್ಟೇ ಇತ್ತು.

ಭಾವ ಕುರ್ಚಿಯಲ್ಲಿ ಕುಸಿದರು. "ಎಲ್ಲಾ ಇನ್ನೊಂದ್ಸಲ ತನ್ನಿ. ಇವಳು ತಿನ್ಲಿ, ನಾನು ಇಲ್ಲೇ ಕೂತಿರ್ತೀನಿ."

"ಬೇಡ ಬಿಡಿ" ಅಂದಳು ಅಕ್ಕ. "ನೀವು ಉಂಡಾದ್ಮೇಲೆ ನಾನೊಬ್ಳೇ ತಿನ್ನೋದಾದ್ರೆ ಮನೇಲೇ ತಿಂತಿದ್ನಲ್ಲ."

ಅವಳು ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ನಗುನಗುತ್ತಲೇ ಹೇಳಿದಳು. ಭಾವ ತಲೆ ತಗ್ಗಿಸಿದರು. ಎಷ್ಟೋ ಜನರನ್ನು ಉಳಿಸಿದ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಯಾರೂ ಕೇಳದೆಯೇ ವೇಟರ್ ಎರಡು ಬಟ್ಟಲು ಕುಲ್ಫಿ ತಂದು ಅವರಿಬ್ಬರ ಮುಂದೆ ಒಂದೊಂದು ಇಟ್ಟ. ಕೈ ಮುಗಿದು ದೂರ ನಿಂತ.

ಇದಾದರೂ ಉಳಿದಿದೆ ಎಂದು ನನಗೆ ಜೀವ ಬಂದಂತಾಯಿತು. ಭಾವ ಚಮಚ ಮುಟ್ಟಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, "ನೀನು ಶುರು ಮಾಡು. ನೀನು ತಿಂದ ಹಾಗೇ ನಾನೂ ತಿಂತೀನಿ. ಎಷ್ಟು ಹೊತ್ತಾದ್ರೂ ಆಗ್ಲಿ" ಅಂದರು.

ಅಕ್ಕ ಚಮಚ ಎತ್ತಿಕೊಂಡಳು. ಗಂಡನನ್ನು ನೋಡಿದಳು. ಕಣ್ಣು ತುಂಬಿ ಬಂದಿತ್ತು.

ಕಿಂಡಿಯಲ್ಲಿ ಟಿಣ್ ಎಂದಿತು.

ಭಾವ ಈ ಸಲ ಅಲುಗಾಡಲಿಲ್ಲ. ಅಲುಗಿದ್ದು ಅಕ್ಕನ ಕೈ. ಚಮಚ ಕೆಳಗಿಟ್ಟು, ತನ್ನ ಬಟ್ಟಲನ್ನೂ ಅವರ ಮುಂದೆ ಸರಿಸಿದಳು.

"ಬೇಗ ತಿನ್ಬಿಡಿ" ಅಂದಳು.