ಕರೆಂಟಕ್ಕ

ತರಬೇತಿಯ ಕೊನೆಯ ದಿನ ಎಲ್ಲರ ಹಲಗೆಯ ಮೇಲೂ ಬಲ್ಬು ಹೊತ್ತಿಕೊಂಡಿತು. ಪ್ಲೈವುಡ್ ಹಲಗೆ, ಅದರ ಮೇಲೆ ಎರಡು ಸ್ವಿಚ್ಚು, ಒಂದು ಸಾಕೆಟ್ಟು, ಒಂದು ಹೋಲ್ಡರು. ಅವಳ ಹಲಗೆಯ ವೈರುಗಳು ಗೆರೆ ಎಳೆದಂತೆ ನೆಟ್ಟಗಿದ್ದವು. ಬೋಧಕರು ಅದನ್ನು ಎತ್ತಿ ತರಗತಿಗೆಲ್ಲ ತೋರಿಸಿದರು, ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಫೋಟೋಗೆ ನಿಂತಾಗ ಅವಳು ಸಾಲಿನ ತುದಿಯಲ್ಲಿ, ತುಸು ಅಂತರ ಬಿಟ್ಟು ನಿಂತಳು. ಮಿಕ್ಕವರೆಲ್ಲ ಅವಳ ಅರ್ಧ ವಯಸ್ಸಿನವರು. ಮೂರು ತಿಂಗಳೂ ಅವಳನ್ನು 'ಆಂಟಿ' ಎಂದು ಮರ್ಯಾದೆಯಿಂದಲೇ ಕರೆದಿದ್ದರು. ಟೀ ಕುಡಿಯಲು ಹೋಗುವಾಗ ಮಾತ್ರ ಕರೆದಿರಲಿಲ್ಲ.

ಮನೆಗೆ ಬಂದು ಬೀಗ ತೆಗೆದಳು. ತೇರ್ಗಡೆಯಾದ ಸುದ್ದಿ ದಾರಿಯುದ್ದಕ್ಕೂ ನಾಲಗೆಯ ತುದಿಯಲ್ಲೇ ಇತ್ತು. ಹೇಳೋಣವೆಂದರೆ ಒಳಗೆ ಗೋಡೆಗೊರಗಿಸಿಟ್ಟ ಮಂಚ ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಆ ಮಂಚ ಹಿಡಿದ ವರ್ಷಗಳಲ್ಲೇ ಅವಳ ವಯಸ್ಸು ಕಳೆದಿತ್ತು. ಬೆನ್ನು ಹುಣ್ಣಾಗದಿರಲೆಂದು ಅಪ್ಪನಿಗೆ ಗಾಳಿ ತುಂಬುವ ಹಾಸಿಗೆ ಹಾಕಿದ್ದರು. ಅದರ ಪಂಪು ಆಗಾಗ ನಿಂತುಹೋಗುತ್ತಿತ್ತು. ಇಷ್ಟು ಚಿಕ್ಕ ಕೆಲಸಕ್ಕೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅವಳೇ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲು ಕಲಿತಳು. ಅಪ್ಪ ಹೋದ ಮೇಲೆ ಹೊಟ್ಟೆಪಾಡಿಗೆ ಏನು ಮಾಡುವುದೆಂದು ಯೋಚಿಸುವಾಗ ನೆನಪಿಗೆ ಬಂದದ್ದು ಆ ಪಂಪು.

ಬೇರೆ ಊರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು. ಒಳ್ಳೆಯದಾಯಿತು ಎಂದ ಅಣ್ಣ, ಈ ವಯಸ್ಸಿನಲ್ಲಿ ಏಣಿ ಹತ್ತುವುದು ಬೇಕಿತ್ತಾ ಎಂದೂ ಸೇರಿಸಿದ. ಅತ್ತಿಗೆ ಹಿಂದಿನಿಂದ ಏನೋ ಕೇಳುತ್ತಿದ್ದಳು. ಆಮೇಲೆ ಮಾಡುತ್ತೇನೆಂದು ಹೇಳಿ ಅವನು ಫೋನ್ ಇಟ್ಟ.

ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಪ್ರಶ್ನೆ: ಅನುಭವ ಇದೆಯಾ? ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು ಎಂದರೆ ನಗುತ್ತಿದ್ದರು. ಒಬ್ಬ ಗುತ್ತಿಗೆದಾರ ಅವಳ ಸರ್ಟಿಫಿಕೇಟನ್ನು ಪೂರ್ತಿ ಓದಿ, ಬೇಕಾದರೆ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸವಿದೆ ಎಂದ. ಅವಳು ತರಬೇತಿ ಕೇಂದ್ರಕ್ಕೆ ಹಿಂದಿರುಗಿ ಬೋಧಕರನ್ನು ಕಂಡಳು. ಅವರು ಕೆಟ್ಟವರಲ್ಲ. ಕುರ್ಚಿ ಎಳೆದುಕೊಟ್ಟು ಕೂರಿಸಿದರು.

"ನಾನು ಹಲಗೆ ಮೇಲೆ ಕಲಿಸಬಲ್ಲೆ. ಗೋಡೆ ಮೇಲೆ ಕಲಿಸೋಕೆ ನನಗೆ ಮನೆ ಯಾರು ಕೊಡ್ತಾರೆ ಹೇಳಿ?" ಎಂದರು. "ಯಾರಾದರೂ ಹಳೇ ಮೇಸ್ತ್ರಿ ಜೊತೆ ಒಂದಷ್ಟು ದಿನ ಓಡಾಡಿ. ಮಿಕ್ಕಿದ್ದು ತಾನಾಗೇ ಕೈಗೆ ಬರುತ್ತೆ."

ಈ ಮಾತನ್ನು ಸೇರುವಾಗಲೇ ಹೇಳಬಹುದಿತ್ತಲ್ಲ ಎಂದು ಅವಳಿಗೆ ಅನಿಸಿತು. ಹೊರಗೆ ಬಂದಾಗ, ಮೂರೇ ತಿಂಗಳಲ್ಲಿ ಪರಿಪೂರ್ಣ ಎಲೆಕ್ಟ್ರಿಷಿಯನ್ ಆಗಿ ಎಂಬ ಫಲಕದ ಕೆಳಗೆ ಹೊಸ ತಂಡದ ಹುಡುಗರು ಸಾಲುಗಟ್ಟಿ ನಿಂತಿದ್ದರು.

ಆ ಭಾಗದಲ್ಲಿ ಮೇಸ್ತ್ರಿ ಎಂದರೆ ಒಬ್ಬರೇ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಅನ್ನುವುದಕ್ಕಿಂತ, ಸುತ್ತಿದ ವೈರುಗಳ ನಡುವೆ ಒಬ್ಬರು ಕೂರುವಷ್ಟು ಜಾಗ. ಆ ಸುತ್ತಿನ ಅರ್ಧಕ್ಕರ್ಧ ಮನೆಗಳಿಗೆ ಮೊದಲು ಬೆಳಕು ಕೊಟ್ಟವರು ಅವರು. ಕಣ್ಣು ಮುಚ್ಚಿಕೊಂಡು ಯಾವ ಗೋಡೆಯೊಳಗೆ ಯಾವ ಪೈಪು ಎಲ್ಲಿ ತಿರುಗಿದೆ ಎಂದು ಹೇಳಬಲ್ಲರು. ಕಲಿಯಲು ಬಂದವರು ಮಾತ್ರ ಯಾರೂ ಅವರ ಬಳಿ ನಿಂತಿರಲಿಲ್ಲ. ಚೀಲ ಹೊತ್ತು, ಗೋಡೆ ಕೊರೆದು, ಬೈಗುಳ ತಿಂದು, ವರ್ಷ ಕಳೆದರೂ ಟೆಸ್ಟರ್ ಮುಟ್ಟಲು ಸಿಗದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಕೊನೆಯವನು ಹೋದದ್ದು ಅದೇ ತರಬೇತಿ ಕೇಂದ್ರಕ್ಕೆ. ಅಂದಿನಿಂದ ಮೇಸ್ತ್ರಿ ಒಬ್ಬರೇ ಏಣಿ ಹೊರುತ್ತಿದ್ದರು, ಒಬ್ಬರೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು.

ಅವಳು ಬಂದ ಕಾರಣ ಹೇಳಿದಳು. ಮೇಸ್ತ್ರಿ ಸರ್ಟಿಫಿಕೇಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಇದು ಹೇಳಿಕೊಟ್ಟು ಬರೋ ವಿದ್ಯೆ ಅಲ್ಲಮ್ಮ. ನೋಡಿ ನೋಡಿ ಕದೀಬೇಕು. ನಮ್ಮ ಮೇಸ್ತ್ರಿ ಜೊತೆ ನಾನು ಮೀಸೆ ಬರೋಕೆ ಮುಂಚೆ ಸೇರಿದವನು, ಬಿಟ್ಟಾಗ ಮದುವೆ ಆಗಿತ್ತು."

"ಅವರು ಹೇಳಿಕೊಟ್ಟಿದ್ದರೆ ಬೇಗ ಕಲೀತಿದ್ರಿ, ಅಲ್ವಾ?"

"ಬೇಗ ಕಲಿತವರು ಬೇಗ ಸಾಯ್ತಾರೆ."

"ನಿಮ್ಮಷ್ಟು ವರ್ಷ ನನ್ನ ಹತ್ರ ಇಲ್ಲ, ಮೇಸ್ತ್ರಿಗಳೇ. ನನ್ನ ವಯಸ್ಸು ನೋಡಿ. ಚೀಲ ಹೊರ್ತೀನಿ, ಗೋಡೆ ಕೊರೀತೀನಿ. ಜೊತೆಗೆ ಇರೋಕೆ ಬಿಡಿ ಸಾಕು."

ಮೇಸ್ತ್ರಿ ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಇದ್ದರು. ಹೆಂಗಸೊಬ್ಬಳನ್ನು ಜೊತೆಗೆ ಕಟ್ಟಿಕೊಂಡು ಮನೆಮನೆ ತಿರುಗಿದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ, ತಮಗೆ ಈ ವಯಸ್ಸಿನಲ್ಲಿ ಅದೆಲ್ಲ ಬೇಡ ಎಂದರು. ಮೇಸ್ತ್ರಿ ಮತ್ತೆ ತಲೆ ಎತ್ತದಿದ್ದಾಗ ಅವಳು ಹೊರಟುಹೋದಳು.

ಹಾಗಾಗಿ ಅವಳು ಒಂಟಿಯಾಗಿಯೇ ಶುರು ಮಾಡಿದಳು. ಮೊದಮೊದಲು ಅಕ್ಕಪಕ್ಕದ ಮನೆಯವರ ಫ್ಯಾನು, ಕಾಲಿಂಗ್ ಬೆಲ್ಲು, ಮಿಕ್ಸಿ. ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯೊಳಗೆ ಬಿಟ್ಟುಕೊಳ್ಳಬಹುದು ಎಂದು ಕೆಲವು ಹೆಂಗಸರು ಇವಳನ್ನೇ ಕರೆಯತೊಡಗಿದರು. ಬೀದಿಯ ಮಕ್ಕಳು 'ಕರೆಂಟಕ್ಕ' ಎಂದು ಹೆಸರಿಟ್ಟರು. ಅವಳು ಹಾದುಹೋದರೆ "ಮುಟ್ಟಬೇಡ, ಶಾಕ್ ಹೊಡೆಯುತ್ತೆ" ಎಂದು ಒಬ್ಬರನ್ನೊಬ್ಬರು ತಳ್ಳಾಡಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ, ತನ್ನನ್ನು ದಿನವಿಡೀ ಯಾರೂ ಮುಟ್ಟಿ ಮಾತಾಡಿಸಿಲ್ಲ ಎಂಬುದು ನೆನಪಾಗುತ್ತಿತ್ತು.

ಕೆಲಸ ಮಾಡುವಾಗ ಎಷ್ಟೋ ಸಂದೇಹಗಳು. ಈ ಹಳೆಯ ವೈರನ್ನು ಎಳೆದರೆ ಬರುತ್ತದೆಯೇ, ತುಂಡಾಗುತ್ತದೆಯೇ? ಈ ಗೋಡೆಗೆ ಯಾವ ಮೊಳೆ? ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಲು ಯಾರೂ ಇಲ್ಲ. ಏಣಿಯ ಮೇಲೆ ನಿಂತು ತನ್ನೊಳಗೇ ಪ್ರಶ್ನೆ ಕೇಳಿಕೊಂಡು, ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಹೊಲಿಗೆ ಕಾರ್ಖಾನೆಯಿಂದ ಕರೆ ಬಂತು. ತಗಡಿನ ಚಾವಣಿಯ ಉದ್ದನೆಯ ಕೋಣೆ. ಹತ್ತಾರು ಹೊಲಿಗೆ ಯಂತ್ರಗಳು, ಮೂಲೆಯಲ್ಲಿ ಇಸ್ತ್ರಿ ಮೇಜು, ಗೋಡೆಯ ಬದಿಗೆ ಕತ್ತರಿಸಿದ ಬಟ್ಟೆಯ ರಾಶಿ. ಒಂದು ಸಾಲಿನ ಟ್ಯೂಬ್‌ಲೈಟುಗಳು ಮಿಣುಕುತ್ತಿದ್ದವು. ಅವಳು ಬಾಗಿಲ ಹಿಂದಿನ ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರ್ ಇಟ್ಟು ನೋಡಿ, ಏಣಿ ಹತ್ತಿದಳು. ಕಲಿಸಿದ್ದನ್ನೆಲ್ಲ ಕಲಿಸಿದಂತೆಯೇ ಮಾಡಿದಳು. ಒಂದು ಕೈ ಚಾವಣಿಯ ಕಬ್ಬಿಣದ ತೊಲೆಯ ಮೇಲೆ, ಇನ್ನೊಂದು ಕೈಯಲ್ಲಿ ಬಿಚ್ಚಿದ ವೈರು.

ಇಸ್ತ್ರಿ ಮಾಡುವವನು ಊಟ ಮುಗಿಸಿ ಆಗಷ್ಟೇ ಬಂದ. ಇಸ್ತ್ರಿಪೆಟ್ಟಿಗೆ ತಣ್ಣಗಿದೆ, ಯಾರೋ ಮೇನ್ ಆರಿಸಿದ್ದಾರೆ. ಸಂಜೆಯೊಳಗೆ ಮುಗಿಯಬೇಕಾದ ಕೆಲಸ ಹಾಗೇ ಬಿದ್ದಿದೆ. ಅವನು ಚಾವಣಿಯ ಕಡೆ ನೋಡಲಿಲ್ಲ, ನೋಡಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಸ್ವಿಚ್ಚು ಹಾಕಿದ.

ಬಟ್ಟೆಯ ರಾಶಿಯ ಅಂಚಿಗೆ ಬಿದ್ದದ್ದರಿಂದ ಅವಳ ತಲೆ ಉಳಿಯಿತು. ಎಡ ಮಣಿಕಟ್ಟು ಮುರಿಯಿತು, ಬಲಗೈಯ ಬೆರಳುಗಳು ಸುಟ್ಟವು. ಆಸ್ಪತ್ರೆಯಲ್ಲಿ, ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸು ಕೇಳಿದಳು. ಕಾರ್ಖಾನೆಯ ಒಡತಿ ಅವಳನ್ನು ಒಳಗೆ ಸೇರಿಸಿ, ಯಂತ್ರಗಳನ್ನು ನೋಡಿಕೊಳ್ಳಬೇಕೆಂದು ಆಗಲೇ ಹಿಂದಿರುಗಿದ್ದಳು. ಯಾರೂ ಇಲ್ಲ ಎಂದು ಹೇಳಲು ಅವಳಿಗೆ ನೋವಿಗಿಂತ ಹೆಚ್ಚು ಸಂಕೋಚವಾಯಿತು.

ಸುದ್ದಿ ಮಾರುಕಟ್ಟೆಯ ಟೀ ಅಂಗಡಿಗೆ ಮುಟ್ಟಿತು. ಮೂರು ತಿಂಗಳ ಇಂಜಿನಿಯರಮ್ಮ ಹಾರಿಬಿದ್ದಳಂತೆ ಎಂದು ಯಾರೋ ನಗೆಯಾಡಿದರು. ನಾನು ಆವತ್ತೇ ಹೇಳಿದ್ದೆ ಎಂದರು ಮೇಸ್ತ್ರಿ. ಹೇಳಿ ಲೋಟ ಎತ್ತಿದವರು ಟೀ ಕುಡಿಯದೆ ಕೆಳಗಿಟ್ಟರು. ಮೇನ್ ಆರಿಸಿದರೆ ಸಾಲದು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೇ ಏಣಿ ಹತ್ತಬೇಕು, ಆಗ ಯಾರು ಸ್ವಿಚ್ಚು ಹಾಕಿದರೂ ಕರೆಂಟು ಬಾರದು. ಇದನ್ನು ಅವರು ತಮ್ಮ ಮೇಸ್ತ್ರಿಯ ಜೇಬು ನೋಡಿ ನೋಡಿ ಕದ್ದಿದ್ದರು. ಹೇಳಲು ಹಿಡಿಯುವುದು ಒಂದು ಉಸಿರು. ಅವಳು ಅಂಗಡಿಯ ಮುಂದೆ ನಿಂತಿದ್ದಾಗ ಅದನ್ನಷ್ಟೇ ಹೇಳಿ ಕಳಿಸಿದ್ದರೂ ಆಗುತ್ತಿತ್ತು.

ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಒಡತಿ ಮೇಸ್ತ್ರಿಯನ್ನೇ ಕರೆದಳು. ಹಿಂದೆ ಆ ಕೋಣೆಗೆ ವೈರಿಂಗ್ ಮಾಡಿದವರೂ ಅವರೇ. ಬೋರ್ಡಿನ ಮುಚ್ಚಳ ತೆಗೆದು ನೋಡಿದಾಗ, ತಾವೇ ಡೈರೆಕ್ಟ್ ಮಾಡಿ ಬಿಟ್ಟ ಟ್ರಿಪ್ ಸ್ವಿಚ್ಚು ಕಣ್ಣಿಗೆ ಬಿತ್ತು. ಕರೆಂಟು ಸೋರಿ ಮನುಷ್ಯರ ಮೈಗೆ ಹರಿದರೆ ಆ ಕ್ಷಣವೇ ತಾನಾಗಿ ಬೀಳುವ ಸ್ವಿಚ್ಚು ಅದು. ಸುಮ್ಮಸುಮ್ಮನೆ ಬೀಳುತ್ತದೆ, ಕೆಲಸಕ್ಕೆ ಬಾರದ ಹೊಸ ಕಾಲದ ಆಟಿಕೆ ಎಂದು ಅವರು ವೈರನ್ನು ಅದರ ಪಕ್ಕದಿಂದ ದಾಟಿಸಿದ್ದರು. ಅದು ಸರಿಯಾಗಿ ಇದ್ದಿದ್ದರೆ ಆ ಹೆಂಗಸಿನ ಕೈ ಸುಡುತ್ತಿರಲಿಲ್ಲ.

ರಜೆಯ ದಿನ ಖಾಲಿ ಕೋಣೆಯಲ್ಲಿ ಅವರು ಲೈಟಿನ ಸಾಲಿಗೆ ಹೊಸ ಟ್ರಿಪ್ ಸ್ವಿಚ್ಚು ಕೂರಿಸಿದರು. ಬಿತ್ತು. ಬಿಚ್ಚಿ ಮತ್ತೆ ಕಟ್ಟಿದರು. ಮತ್ತೆ ಬಿತ್ತು. ಮಧ್ಯಾಹ್ನದವರೆಗೂ ಹೀಗೇ ಆಯಿತು. ಸುತ್ತ ಮುಸುಕು ಹಾಕಿದ ಹೊಲಿಗೆ ಯಂತ್ರಗಳು, ನಡುವೆ ಸ್ಟೂಲಿನ ಮೇಲೆ ಮೇಸ್ತ್ರಿ. ಕೆಲಸದ ವಿಷಯದಲ್ಲಿ ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಈಗ ಕೇಳೋಣವೆಂದರೆ ಇಂಥದ್ದು ತಿಳಿದವರು ಅವರ ಪರಿಚಯದಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಕೂತಿದ್ದು, ಕೊನೆಗೆ ಎದ್ದು ಅವಳ ಮನೆಯ ದಾರಿ ವಿಚಾರಿಸುತ್ತಾ ಹೊರಟರು.

ಬಾಗಿಲು ತೆರೆದ ಅವಳು ಮೇಸ್ತ್ರಿಯನ್ನು ಕಂಡು ಪಕ್ಕಕ್ಕೆ ಸರಿದಳು. ಪ್ಲಾಸ್ಟರು ಹಾಕಿದ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ನೀರು ಕೊಡಲು ಹೋದವಳನ್ನು ಅವರು ತಡೆದರು. ಕುರ್ಚಿಯ ಅಂಚಿನಲ್ಲಿ ಕೂತು, ಫ್ಯೂಸಿನ ವಿಷಯ ಮೊದಲು ಹೇಳಿದರು. ಅವಳು ಗಮನವಿಟ್ಟು ಕೇಳಿ, ಇದನ್ನು ತನಗೆ ಯಾರೂ ಹೇಳಿರಲಿಲ್ಲ ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಮೇಸ್ತ್ರಿಗೆ ಹೆಚ್ಚು ಚುಚ್ಚಿತು.

ಟ್ರಿಪ್ ಸ್ವಿಚ್ಚಿನ ಮಾತು ತೆಗೆಯಲು ಅವರಿಗೆ ಇನ್ನೂ ಹೊತ್ತು ಹಿಡಿಯಿತು.

"ಅಲ್ಲಿ ಡೈರೆಕ್ಟ್ ಮಾಡಿದ್ದು ನಾನೇ" ಎಂದರು. "ಈಗ ಹೊಸದು ಹಾಕಿದೀನಿ. ನಿಲ್ತಾನೇ ಇಲ್ಲ. ಯಾಕೆ ಬೀಳುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ."

ಅವಳು ಅವರನ್ನೇ ನೋಡಿದಳು. ನೋಯುವ ಕೈ ಎತ್ತಿ ತೋರಿಸಿ, ಆಡಬಹುದಾದ ಮಾತುಗಳನ್ನೆಲ್ಲ ಆಡಬಹುದಿತ್ತು. ಅಂಥ ಮಾತು ಕೆಲವು ಅವಳ ಗಂಟಲವರೆಗೆ ಬಂದದ್ದೂ ಹೌದು. ಆದರೆ ಎಷ್ಟೋ ದಿನಗಳ ಮೇಲೆ ಒಬ್ಬರು ಅವಳ ಮನೆಗೆ ಬಂದು, ಅವಳಿಗೆ ಗೊತ್ತಿರುವ ಒಂದು ವಿಷಯ ಕೇಳುತ್ತಿದ್ದರು.

"ಲೈಟಿನ ಸಾಲಿಗೂ ಇಸ್ತ್ರಿ ಸಾಲಿಗೂ ನ್ಯೂಟ್ರಲ್ ಎಲ್ಲೋ ಒಂದೇ ಕಡೆ ಸೇರಿಸಿದೀರಾ?"

"ಸೇರಿಸಿರ್ತೀನಿ. ವೈರು ಉಳಿಯುತ್ತಲ್ಲ."

"ಹೋದಷ್ಟು ಕರೆಂಟು ನ್ಯೂಟ್ರಲ್ ಹಿಡಿದು ಆ ಸ್ವಿಚ್ಚಿನ ಮೂಲಕಾನೇ ವಾಪಸ್ ಬರಬೇಕು, ಮೇಸ್ತ್ರಿಗಳೇ. ಬೇರೆ ದಾರಿ ಹಿಡಿದರೆ ಎಲ್ಲೋ ಸೋರಿಹೋಯ್ತು ಅಂದ್ಕೊಂಡು ಬೀಳುತ್ತೆ. ಎರಡನ್ನೂ ಬಿಡಿಸಿದರೆ ನಿಲ್ಲುತ್ತೆ."

ಮೇಸ್ತ್ರಿ ತಮ್ಮ ಎರಡು ಬೆರಳುಗಳನ್ನು ಹೆಣೆದು, ಬಿಡಿಸಿ, ಮತ್ತೆ ಹೆಣೆದು ನೋಡಿದರು. ಆಮೇಲೆ ಎದ್ದು, ನಡೆಯಲು ಆಗುತ್ತದೆಯೇ ಎಂದು ಕೇಳಿದರು.

ಆ ಮಧ್ಯಾಹ್ನ ಅವಳು ಬೋರ್ಡಿನ ಪಕ್ಕದ ಸ್ಟೂಲಿನ ಮೇಲೆ, ಫ್ಯೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೇಸ್ತ್ರಿ ಏಣಿಯ ಮೇಲೆ ನಿಂತು ಒಂದೊಂದೇ ಜೋಡಣೆ ಬಿಚ್ಚುತ್ತಾ ಹೋದರು. ಅವರ ಕೈ ವೈರಿನ ಸಿಪ್ಪೆ ಸುಲಿಯುವ ರೀತಿ, ಪೈಪಿನೊಳಗೆ ಸಿಕ್ಕಿಕೊಂಡದ್ದನ್ನು ಎಳೆಯದೆ ತಿರುಚಿ ಬಿಡಿಸುವ ರೀತಿ ಅವಳು ನೋಡಿದಳು. ಇಷ್ಟು ದಿನ ಏಣಿಯ ಮೇಲೆ ತನ್ನನ್ನೇ ಕೇಳಿಕೊಂಡಿದ್ದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಆ ಬೆರಳುಗಳಲ್ಲಿತ್ತು. ನಡುವೆ ಒಮ್ಮೆ ಮೇಲಿನಿಂದ, "ಇದ್ದೀಯೇನಮ್ಮ?" ಎಂಬ ದನಿ ಬಂತು. "ಇದ್ದೀನಿ" ಎಂದಳು.

ಕೊನೆಯಲ್ಲಿ ಫ್ಯೂಸುಗಳನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದಾಗ ದೀಪಗಳು ಸಾಲಾಗಿ ಹೊತ್ತಿಕೊಂಡವು. ಇಸ್ತ್ರಿಪೆಟ್ಟಿಗೆ ಕಾಯಿತು. ಇಬ್ಬರೂ ಬೋರ್ಡಿನ ಕಡೆ ನೋಡುತ್ತಾ ನಿಂತರು. ಟ್ರಿಪ್ ಸ್ವಿಚ್ಚು ಬೀಳಲಿಲ್ಲ.

ಮೇಸ್ತ್ರಿ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಾ, ಪ್ಲಾಸ್ಟರು ಯಾವಾಗ ಬಿಚ್ಚುತ್ತಾರೆಂದು ಕೇಳಿದರು. ಅವಳು ಹೇಳಿದಳು.

"ಆಮೇಲೆ ಅಂಗಡಿಗೆ ಬಾಮ್ಮ" ಎಂದರು.

ಅವಳು ತಕ್ಷಣ ಒಪ್ಪಲಿಲ್ಲ. "ಬರ್ತೀನಿ. ಆದರೆ ನಾನು ಕದ್ದು ಕಲಿಯೋಳಲ್ಲ, ಬಾಯಿಬಿಟ್ಟು ಕೇಳೋಳು. ಕೇಳಿದಾಗ ಹೇಳಬೇಕು."

ಮೇಸ್ತ್ರಿ ಚೀಲದ ಬಾಯಿ ಕಟ್ಟುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಳೆದರು.

"ಗೊತ್ತಿದ್ದರೆ ಹೇಳ್ತೀನಿ" ಎಂದರು.

ಬಾಗಿಲಿಗೆ ಬೀಗ ಹಾಕಿ ಅವರು ಏಣಿಯನ್ನು ಹೆಗಲಿಗೇರಿಸಿದರು. ಓಣಿ ಕಿರಿದು, ಏಣಿ ಉದ್ದ. ಅವಳು ಹಿಂದೆ ಬಂದು, ಗಾಯ ಮಾಗುತ್ತಿದ್ದ ಬಲಗೈಯಿಂದ ಏಣಿಯ ತುದಿ ಹಿಡಿದುಕೊಂಡಳು. ಬೇಡ, ಕೈ ನೋಯುತ್ತದೆ ಎಂದರು ಮೇಸ್ತ್ರಿ, ತಿರುಗಿ ನೋಡದೆಯೇ. ಅವಳು ಬಿಡಲಿಲ್ಲ. ಅದರಿಂದ ಅವರ ಹೆಗಲಿನ ಭಾರವೇನೂ ಇಳಿಯಲಿಲ್ಲ. ಆದರೆ ತಿರುವು ಬಂದಾಗ ಹಿಂದಿನ ತುದಿ ಗೋಡೆಗೆ ತಾಗದಂತೆ ನೋಡಿಕೊಳ್ಳಲು ಅಲ್ಲಿ ಒಬ್ಬರಿದ್ದರು.